ಒಂದು ಭೂಕಂಪ, ಮೂರು ಹೆಸರು, ಎರಡು ತಾರೀಖು

ಮಹಾರಾಷ್ಟ್ರ ಗಡಿಯ ಅಕ್ಕಲಕೋಟೆ, ಉಮರ್ಗಾ, ದಕ್ಷಿಣ ಸೊಲ್ಲಾಪುರದ ಕನ್ನಡದ ಊರುಗಳಲ್ಲಿ ವಯಸ್ಸಾದವರ ಬಾಯಲ್ಲಿ ಅದು 'ಕಿಲ್ಲಾರಿ ಭೂಕಂಪ'. ಬೆಂಗಳೂರಿನ ಪತ್ರಿಕೆಗಳಲ್ಲಿ 'ಲಾತೂರ್ ಭೂಕಂಪ'. ಕೆಲವು ವರದಿಗಳಲ್ಲಿ 'ಲಾತೂರ್-ಉಸ್ಮಾನಾಬಾದ್ ಭೂಕಂಪ'. ಮೂರೂ ಒಂದೇ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷದ ಹೊತ್ತಿಗೆ ಆದದ್ದು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಅದೇ ಮಾಳಿಗೆ ಮೈಮೇಲೆ ಕುಸಿಯಿತು. ಸರ್ಕಾರದ ಲೆಕ್ಕದಲ್ಲಿ ಸತ್ತವರು 7,900ಕ್ಕೂ ಹೆಚ್ಚು. ಬೇರೆ ಲೆಕ್ಕಗಳು 10,000ದ ಹತ್ತಿರ ಹೋಗುತ್ತವೆ.

ಈಗ ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಇದೇ ಭೂಕಂಪವನ್ನು ಹುಡುಕಿ. ಸೆಪ್ಟೆಂಬರ್ 30ರಲ್ಲಿ ಸಿಗುವುದಿಲ್ಲ. ಸೆಪ್ಟೆಂಬರ್ 29ರಲ್ಲಿ ಸಿಗುತ್ತದೆ! ಯಾರೂ ತಪ್ಪು ಬರೆದಿಲ್ಲ. ಹೆಸರು ಇಡುವವರು ಬೇರೆ, ದಾಖಲೆ ಬರೆಯುವವರು ಬೇರೆ, ಅಷ್ಟೇ.

ಚಂಡಮಾರುತಕ್ಕಾದರೆ ಹೆಸರಿಡುವ ಪದ್ಧತಿ ಗಟ್ಟಿಯಾಗಿದೆ. ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರದ ಚಂಡಮಾರುತಗಳಿಗೆ 13 ದೇಶಗಳು ತಲಾ 13 ಹೆಸರು ಕೊಟ್ಟು, 2020ರಲ್ಲಿ 169 ಹೆಸರುಗಳ ಪಟ್ಟಿ ಮಾಡಿಟ್ಟಿವೆ. ಚಂಡಮಾರುತ ದಿನಗಟ್ಟಲೆ ಬದುಕಿರುತ್ತದೆ, ಬರುವ ಮೊದಲೇ ಎಚ್ಚರಿಕೆ ಕೊಡಬೇಕು, ಹಾಗಾಗಿ ಹೆಸರು ಬೇಕು. ಭೂಕಂಪ ಹಾಗಲ್ಲ. ನಮಗೆ ಗೊತ್ತಾಗುವಷ್ಟರಲ್ಲಿ ಅದು ಮುಗಿದಿರುತ್ತದೆ. ಆದ್ದರಿಂದ ಭೂಕಂಪಕ್ಕೆ ಹೆಸರಿಡುವ ಜಾಗತಿಕ ಸಮಿತಿಯೇ ಇಲ್ಲ. ಯಾವ ಹೆಸರು ಜನರ, ಪತ್ರಿಕೆಗಳ, ಸಂಶೋಧಕರ ಬಾಯಿಗೆ ಹತ್ತುತ್ತದೋ ಅದೇ ಉಳಿಯುತ್ತದೆ.

ಜಪಾನಿನವರು ಮಾತ್ರ ಸ್ವಲ್ಪ ಶಿಸ್ತು. ಭೂಕಂಪದ ಪ್ರಮಾಣ, ಹಾನಿ ಒಂದು ಮಟ್ಟ ದಾಟಿದರೆ ಅಲ್ಲಿನ ಹವಾಮಾನ ಸಂಸ್ಥೆಯೇ ಅಧಿಕೃತ ಹೆಸರು ಕೊಡುತ್ತದೆ. 2024ರ ಜನವರಿ 1ರ ನೋಟೊ ಪರ್ಯಾಯ ದ್ವೀಪದ ಭೂಕಂಪಕ್ಕೆ ಅದೇ ದಿನ ಹೆಸರು ಬಂತು. ಅಲ್ಲೂ ಒಂದೇ ಹೆಸರಿಗೆ ನಿಲ್ಲುವುದಿಲ್ಲ, ನೋಡಿ. ನಾವು ಕೋಬೆ ಭೂಕಂಪ ಎನ್ನುವ 1995ರದ್ದಕ್ಕೆ ಆ ಸಂಸ್ಥೆ ಇಟ್ಟ ಹೆಸರು ದಕ್ಷಿಣ ಹ್ಯೋಗೊ ಪ್ರಾಂತ್ಯದ ಭೂಕಂಪ ಅಂತ. ಅದರಿಂದಾದ ದುರಂತಕ್ಕೆ ಸರ್ಕಾರ ಇಟ್ಟದ್ದು ಮಹಾ ಹಾನ್‌ಶಿನ್-ಅವಾಜಿ ಅಂತ.

ನಮ್ಮಲ್ಲಿ ಸಾಮಾನ್ಯವಾಗಿ ಹತ್ತಿರದ ಹೆಸರಾಂತ ಊರು ಗೆಲ್ಲುತ್ತದೆ. 1900ರ ಫೆಬ್ರುವರಿ 8ರದ್ದು ಕೊಯಮತ್ತೂರು. 1967ರ ಮಾರ್ಚ್‌ನದ್ದು ಒಂಗೋಲು. 1969ರ ಏಪ್ರಿಲ್‌ನದ್ದು ಭದ್ರಾಚಲ. 1967ರ ಡಿಸೆಂಬರ್ 11ರದ್ದಕ್ಕೆ ಅಣೆಕಟ್ಟೆಯ ಹೆಸರೇ ಬಂತು, ಕೊಯ್ನಾ. 2001ರ ಜನವರಿ 26ರದ್ದು ಕೆಲವರಿಗೆ ಭುಜ್, ಕೆಲವರಿಗೆ ಕಚ್, ಕೆಲವರಿಗೆ ಗುಜರಾತ್. ಅದರ ಕೇಂದ್ರವಿದ್ದದ್ದು ಭಚಾವು ಪಟ್ಟಣದ ಕಡೆಗೆ. ಆದರೂ ಆ ಹೆಸರು ಕಡಿಮೆ ಕೇಳಿಬರುತ್ತದೆ.

ಕಿಲ್ಲಾರಿಯದೂ ಇದೇ ಕಥೆ. ಲಾತೂರ್ ನಗರ ಅಲ್ಲಿಂದ ಸುಮಾರು 40 ಕಿ.ಮೀ. ದೂರ. ಅಲ್ಲಿ ಹಾನಿ ಕಡಿಮೆ. ಆದರೆ ಅದು ಜಿಲ್ಲಾ ಕೇಂದ್ರ. ಹೊರಗಿನವರಿಗೆ ನಕಾಶೆಯಲ್ಲಿ ಸಿಗುವ ಹೆಸರು ಅದೇ. ಔಸಾ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ದೆಹಲಿಯಲ್ಲಿ ಕೂತವರಿಗೆ ಎಲ್ಲಿ ಗೊತ್ತಿರುತ್ತದೆ? ಆದರೆ ಕಿಲ್ಲಾರಿಯಷ್ಟೇ ನೆಲಕಚ್ಚಿದ ಸಾಸ್ತೂರು ಆಗ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ಬರೀ 'ಲಾತೂರ್' ಎಂದರೆ ಆ ಕಡೆಯ ಸಾವುನೋವು ಹೆಸರಿನಿಂದಲೇ ಹೊರಗುಳಿಯುತ್ತದೆ. ನನ್ನನ್ನು ಕೇಳಿದರೆ 'ಕಿಲ್ಲಾರಿ' ಎನ್ನುವುದೇ ಸರಿ. ಸಂಶೋಧಕರೂ ಆ ಹೆಸರನ್ನು ಬಳಸುತ್ತಾರೆ.

ಆದರೆ ಊರಿನ ಹೆಸರನ್ನು ನಂಬಿ ದಾಖಲೆ ಬರೆಯುವಂತಿಲ್ಲ. ಉಸ್ಮಾನಾಬಾದ್ ಜಿಲ್ಲೆ ಈಗ ಧಾರಾಶಿವ. ಕಿಲ್ಲಾರಿಯೂ ಇದ್ದ ಜಾಗದಲ್ಲಿಲ್ಲ. ಪೂರ್ತಿ ನೆಲಸಮವಾದ ಸುಮಾರು 50 ಹಳ್ಳಿಗಳನ್ನು ಬೇರೆ ಕಡೆ ಹೊಸದಾಗಿ ಕಟ್ಟಲಾಯಿತು. ಕಿಲ್ಲಾರಿ ಅವುಗಳಲ್ಲೊಂದು. ಭೂಕಂಪ ಆದದ್ದು ಹಳೆ ಕಿಲ್ಲಾರಿಯಲ್ಲಿ, ಬೋರ್ಡು ಇರುವುದು ಹೊಸ ಕಿಲ್ಲಾರಿಯಲ್ಲಿ. ಹೀಗಿರುವಾಗ ವಿಜ್ಞಾನಿಗಳು ಹೆಸರನ್ನು ಪಕ್ಕಕ್ಕಿಟ್ಟು ಅಂಕಿಗಳನ್ನು ಬರೆಯುತ್ತಾರೆ. ಯುಎಸ್‌ಜಿಎಸ್ ಎಂದು ಕರೆಯುವ ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿರುವ ಅಂಕಿಗಳನ್ನು ಒಂದು ಸಾಲಲ್ಲಿ ಬರೆದರೆ ಹೀಗಾಗುತ್ತದೆ:

1993 09 29, 22:25:48, 18.07, 76.45, 10, 6.2

ಇಷ್ಟೇ. ಹತ್ತಿರ ಹತ್ತಿರ 10,000 ಸಾವಿನ ಭೂಕಂಪ ಪಟ್ಟಿಯಲ್ಲಿ ಹಿಡಿಯುವ ಜಾಗ ಒಂದು ಸಾಲು. ಆದರೆ ಈ ಸಾಲಿನ ಒಂದೊಂದು ಅಂಕಿಗೂ ಅದರದ್ದೇ ಕಥೆ ಇದೆ.

ಮೊದಲು ತಾರೀಖು, ಸಮಯ. ಅಂತರರಾಷ್ಟ್ರೀಯ ಪಟ್ಟಿಗಳೆಲ್ಲ ಒಂದೇ ಗಡಿಯಾರ ಇಟ್ಟುಕೊಳ್ಳುತ್ತವೆ. ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. 22 ಗಂಟೆ 25 ನಿಮಿಷ 48 ಸೆಕೆಂಡಿಗೆ ಐದೂವರೆ ಗಂಟೆ ಸೇರಿಸಿ. ಮರುದಿನ ನಸುಕಿನ 3 ಗಂಟೆ 55 ನಿಮಿಷ 48 ಸೆಕೆಂಡು ಬಂತಲ್ವಾ? ಕೊಯ್ನಾದ್ದೂ ಹೀಗೆಯೇ. ನಮಗೆ ಡಿಸೆಂಬರ್ 11ರ ನಸುಕು, ಪಟ್ಟಿಯಲ್ಲಿ ಡಿಸೆಂಬರ್ 10. ಹಳೆಯ ಭೂಕಂಪ ಹುಡುಕುವವರು ಇದನ್ನು ಮರೆತರೆ ಒಂದೇ ಭೂಕಂಪವನ್ನು ಎರಡೆಂದು ಎಣಿಸಿಬಿಡುವ ಸಂಭವವಿದೆ.

ಆಮೇಲಿನ ಎರಡು ಅಂಕಿ ಅಕ್ಷಾಂಶ, ರೇಖಾಂಶ. ಭೂಕಂಪವಾದಾಗ ನೆಲದೊಳಗಿಂದ ಎರಡು ಮುಖ್ಯ ಅಲೆಗಳು ಹೊರಡುತ್ತವೆ. ಒಂದು ವೇಗದ್ದು, ಇನ್ನೊಂದು ನಿಧಾನದ್ದು. ಯಂತ್ರಕ್ಕೆ ಮೊದಲನೆಯದು ಮುಟ್ಟಿ ಎಷ್ಟು ಸೆಕೆಂಡಿನ ಮೇಲೆ ಎರಡನೆಯದು ಮುಟ್ಟಿತು ನೋಡಿ, ಅದನ್ನು ಹೆಚ್ಚುಕಡಿಮೆ 8ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. ಕಿಲ್ಲಾರಿಯಿಂದ ಸೊಲ್ಲಾಪುರ ಸುಮಾರು 80 ಕಿ.ಮೀ. ಅಲ್ಲೊಂದು ಯಂತ್ರ ಇದ್ದರೆ ಎರಡು ಅಲೆಗಳ ನಡುವೆ ಸುಮಾರು 10 ಸೆಕೆಂಡು ಅಂತರ ಕಾಣುತ್ತದೆ. ಇದು ದೂರ ಹೇಳುತ್ತದೆ, ದಿಕ್ಕು ಹೇಳುವುದಿಲ್ಲ. ಮೂರು ಕಡೆಯ ದೂರ ಸಿಕ್ಕರೆ ಮೂರು ವೃತ್ತ ಎಳೆದು, ಅವು ಕೂಡುವ ಜಾಗವನ್ನು ಕೇಂದ್ರ ಎನ್ನಬಹುದು. ಯಂತ್ರಗಳು ದೂರ ಇದ್ದಷ್ಟೂ ಆ ಜಾಗ ಆಚೀಚೆ ಆಗುತ್ತದೆ. ಮೇಲಿನ 76.45ನ್ನು ನಕಾಶೆಯಲ್ಲಿ ಹುಡುಕಿದರೆ ಅದು ಕಿಲ್ಲಾರಿಯ ಮೇಲೆ ಬೀಳುವುದಿಲ್ಲ. ಪಶ್ಚಿಮಕ್ಕೆ ಕೆಲವು ಕಿ.ಮೀ. ಸರಿದು ಬೀಳುತ್ತದೆ.

ಆಳದ '10' ಇನ್ನೂ ಮೋಜಿನದು. ಪಟ್ಟಿಯಲ್ಲಿ ಆಳ ಸರಿಯಾಗಿ 10 ಕಿ.ಮೀ. ಎಂದು ಕಂಡರೆ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಮೇಲ್ಭಾಗದ ಭೂಕಂಪ ಅಂತ ಗೊತ್ತು, ಆದರೆ ನಿಖರ ಆಳ ಸಿಗುತ್ತಿಲ್ಲ ಎಂದಾಗ 10 ಎಂದು ಹಾಕಿಬಿಡುವುದು ಅವರ ರೂಢಿ. ಕಿಲ್ಲಾರಿಯದು ಅದಕ್ಕಿಂತಲೂ ಮೇಲಿನದು ಎಂದು ಆಮೇಲಿನ ಅಧ್ಯಯನಗಳು ಹೇಳಿದವು. ಊರಿನ ಹತ್ತಿರ ನೆಲದ ಮೇಲೇ ಬಿರುಕು, ಉಬ್ಬು ಕಾಣಿಸಿದ್ದವು. ಹೈದರಾಬಾದಿನ ಎನ್‌ಜಿಆರ್‌ಐ ಎಂಬ ಭೂಭೌತ ಸಂಶೋಧನಾ ಸಂಸ್ಥೆ ಅಲ್ಲಿ 617 ಮೀಟರ್ ಆಳದ ಕೊಳವೆ ಕೊರೆಸಿ ನೋಡಿತು. ನಮ್ಮ ಕಡೆ ಎಲ್ಲಿ ಅಗೆದರೂ ಸಿಗುವ ಕರಿಕಲ್ಲಿನ ಪದರು ಅಲ್ಲಿ 338 ಮೀಟರ್ ದಪ್ಪವಿತ್ತು. ಅದರ ಕೆಳಗೆ ತೆಳುವಾದ ಕೆಸರುಕಲ್ಲು, ಆಮೇಲೆ ಬಹಳ ಹಳೆಯ ಬಂಡೆ.

ಕೊನೆಯದು ಪ್ರಮಾಣ. ಯುಎಸ್‌ಜಿಎಸ್ ಪ್ರಕಾರ 6.2. ಭಾರತದ ಪತ್ರಿಕೆಗಳು ಆಗ ಬರೆದದ್ದು 6.4. ಇದರಲ್ಲೂ ಜಗಳ ಇಲ್ಲ. 1935ರಲ್ಲಿ ಚಾರ್ಲ್ಸ್ ರಿಕ್ಟರ್ ಕ್ಯಾಲಿಫೋರ್ನಿಯಾಕ್ಕೆಂದು ಮಾಡಿದ ಅಳತೆ ಒಂದು. ಯಂತ್ರ ಗೀಚಿದ ಅಲೆಯ ಎತ್ತರ ನೋಡಿ ಹೇಳುವಂಥದ್ದು. ಒಳಗೆ ಎಷ್ಟು ಉದ್ದಗಲದ ಬಂಡೆ ಎಷ್ಟು ಜರುಗಿತು ಎಂದು ನೋಡಿ ಹೇಳುವ ಅಳತೆ ಇನ್ನೊಂದು. ಅದನ್ನು 1979ರಲ್ಲಿ ಹ್ಯಾಂಕ್ಸ್ ಮತ್ತು ಕಾನಾಮೊರಿ ಕೊಟ್ಟರು. ದೊಡ್ಡ ಭೂಕಂಪಗಳಿಗೆ ಈಗ ಬಳಸುವುದು ಈ ಎರಡನೆಯದನ್ನೇ. ಟಿವಿಯವರು ಮಾತ್ರ ಇವತ್ತಿಗೂ 'ರಿಕ್ಟರ್ ಮಾಪಕದಲ್ಲಿ' ಬಿಟ್ಟಿಲ್ಲ. ಅಂದಹಾಗೆ, ಪ್ರಮಾಣ ಒಂದು ಅಂಕಿ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 5ಕ್ಕೂ 6ಕ್ಕೂ ಒಂದೇ ಅಂಕಿ ತಾನೇ ಎಂದುಕೊಳ್ಳಬೇಡಿ.

ಪ್ರಮಾಣ ಇಡೀ ಭೂಕಂಪಕ್ಕೆ ಒಂದು. ಊರೂರಿನಲ್ಲಿ ಎಷ್ಟು ಅಲುಗಿತು ಎನ್ನುವ ತೀವ್ರತೆ ಬೇರೆ ಲೆಕ್ಕ. ಗುಡಿಯ ಮೇಲಿನ ಮೈಕಿನಿಂದ ಹೊರಡುವ ಸದ್ದು ಒಂದೇ. ಕಟ್ಟೆಯ ಮೇಲೆ ಕೂತವನಿಗೆ ಕಿವಿ ಗಡಚಿಕ್ಕುತ್ತದೆ, ದೂರದ ಹೊಲದಲ್ಲಿದ್ದವನಿಗೆ ಯಾವ ಹಾಡು ಅಂತಲೂ ತಿಳಿಯುವುದಿಲ್ಲ. ತೀವ್ರತೆಯನ್ನು 1ರಿಂದ 12ರವರೆಗೆ ಬರೆಯುತ್ತಾರೆ. ಇದಕ್ಕೆ ಯಂತ್ರವೇ ಬೇಕೆಂದಿಲ್ಲ. ಭೂವಿಜ್ಞಾನಿಗಳು ಊರೂರು ತಿರುಗಿ, ಯಾವ ಬಗೆಯ ಗೋಡೆ ಬಿತ್ತು, ಯಾವುದು ಬಿರುಕು ಬಿಟ್ಟು ನಿಂತಿತು, ತೂಗುಹಾಕಿದ್ದ ಸಾಮಾನು ತೂಗಾಡಿತೇ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಒಂದೇ ತೀವ್ರತೆಯ ಊರುಗಳನ್ನು ಕೂಡಿಸಿ ಗೆರೆ ಎಳೆದರೆ ನಕಾಶೆಯ ಮೇಲೆ ಒಂದರೊಳಗೊಂದು ಉಂಗುರ ಮೂಡುತ್ತವೆ. ಯಂತ್ರಗಳಿಲ್ಲದ ಕಾಲದ ಭೂಕಂಪಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಈ ದಾರಿಯಿಂದಲೇ. ಥಾಮಸ್ ಓಲ್ಡಮ್ ಎಂಬವರು 1869ರವರೆಗಿನ ಭಾರತದ ಭೂಕಂಪಗಳ ಪಟ್ಟಿ ಮಾಡಿದರು. ಅವರು ತೀರಿಕೊಂಡ ಮೇಲೆ, 1883ರಲ್ಲಿ, ಮಗ ಅದನ್ನು ಅಚ್ಚು ಹಾಕಿಸಿದರು. ಆ ಮಗ ರಿಚರ್ಡ್ ಓಲ್ಡಮ್. ಮುಂದೆ 1897ರ ಅಸ್ಸಾಂ ಭೂಕಂಪದ ವರದಿ ಬರೆದವರೂ, ಮೇಲೆ ಹೇಳಿದ ಆ ಎರಡು ಅಲೆಗಳನ್ನು ಯಂತ್ರದ ಗೆರೆಗಳಲ್ಲಿ ಬೇರೆ ಬೇರೆಯಾಗಿ ಗುರುತಿಸಿದವರೂ ಅವರೇ. ಭಾರತದ ಮೊದಲ ಭೂಕಂಪ ವೀಕ್ಷಣಾಲಯ ಕಲ್ಕತ್ತದ ಅಲಿಪುರದಲ್ಲಿ ಶುರುವಾದದ್ದು 1898ರ ಡಿಸೆಂಬರ್‌ನಲ್ಲಿ.

ಇನ್ನು ಪಶ್ಚಾತ್ ಕಂಪನಕ್ಕೆ ಬರೋಣ. ಗೊಂದಲ ಜಾಸ್ತಿ ಇರುವುದು ಇಲ್ಲೇ.

ಒಂದು ದೊಡ್ಡ ಕಂಪನದ ಸುತ್ತ ಬರುವ ಸಣ್ಣವಕ್ಕೆ ಹೆಸರಿಡುವುದಿಲ್ಲ. ಸಾಲುಸಾಲಾಗಿ ಸಮಯ, ಜಾಗ, ಪ್ರಮಾಣ ಬರೆದುಕೊಂಡು ಹೋಗುತ್ತಾರೆ. ದೊಡ್ಡದಕ್ಕೆ ಮುಖ್ಯ ಕಂಪನ, ಮುಂಚೆ ಬಂದವಕ್ಕೆ ಪೂರ್ವ ಕಂಪನ, ಆಮೇಲೆ ಬಂದವಕ್ಕೆ ಪಶ್ಚಾತ್ ಕಂಪನ. ಸರಳವಾಗಿದೆ. ಆದರೆ ಈ ಚೀಟಿ ಅಂಟಿಸುವುದು ಎಲ್ಲ ಮುಗಿದ ಮೇಲೆ. ಯಂತ್ರದಲ್ಲಿ ಮೂರಕ್ಕೂ ಗೆರೆ ಒಂದೇ ರೀತಿ. 'ನಾನು ಪೂರ್ವ ಕಂಪನ' ಎಂದು ಯಾವುದೂ ಹೇಳಿಕೊಂಡು ಬರುವುದಿಲ್ಲ.

ಕಿಲ್ಲಾರಿ ಸುತ್ತ 1992ರಲ್ಲೇ ನೆಲ ನಡುಗುತ್ತಿತ್ತು. ಆ ಅಕ್ಟೋಬರ್‌ನಲ್ಲಿ ಪ್ರಮಾಣ 4 ದಾಟಿದ್ದೂ ಬಂತು. ಆಗ ಅದು ಬರೀ ಸ್ಥಳೀಯ ನಡುಕ. ಮರುವರ್ಷದ ಸೆಪ್ಟೆಂಬರ್ ಕಳೆದ ಮೇಲೆ ಅದೇ ಸಾಲುಗಳನ್ನು ವಿಜ್ಞಾನಿಗಳು ಪೂರ್ವ ಕಂಪನ ಎಂದು ಓದಿದರು. ಜಪಾನಿನಲ್ಲಿ 2011ರ ಮಾರ್ಚ್ 9ರಂದು 7ಕ್ಕೂ ಹೆಚ್ಚಿನ ಭೂಕಂಪ ಆಯಿತು. ಎರಡು ದಿನ ಅದೇ ಮುಖ್ಯ ಕಂಪನ. ಮಾರ್ಚ್ 11ರಂದು 9ರ ಪ್ರಮಾಣದ್ದು ಬಂದು ಸುನಾಮಿ ಎಬ್ಬಿಸಿದಾಗ ಹಿಂದಿನದು ಪೂರ್ವ ಕಂಪನವಾಯಿತು. 2016ರ ಏಪ್ರಿಲ್‌ನಲ್ಲಿ ಕುಮಾಮೊಟೊದಲ್ಲೂ ಹೀಗೇ ಆಯಿತು. ಏಪ್ರಿಲ್ 14ರದ್ದು 6.5, 16ರದ್ದು 7.3. 'ಇನ್ನು ಬರುವುದೆಲ್ಲ ಸಣ್ಣದು' ಎಂಬ ಭಾವನೆ ಜನರಲ್ಲಿ ಹುಟ್ಟಬಾರದೆಂದು ಜಪಾನಿನ ಸಂಸ್ಥೆ ಅದೇ ವರ್ಷ ತನ್ನ ಮುನ್ಸೂಚನೆಯಲ್ಲಿ ಪಶ್ಚಾತ್ ಕಂಪನ ಎನ್ನುವುದನ್ನೇ ಕೈಬಿಟ್ಟಿತು. ಅಷ್ಟೇ ಜೋರಿನದು ಮತ್ತೆ ಬರಬಹುದು, ಹುಷಾರಾಗಿರಿ ಎಂದು ನೇರವಾಗಿ ಹೇಳತೊಡಗಿತು. ಒಳ್ಳೆಯ ಕೆಲಸ.

ಕೆಲವು ಸಲ ಮುಖ್ಯವಾದದ್ದು ಯಾವುದು ಎಂದು ಹೇಳುವುದೇ ಕಷ್ಟ. ಟರ್ಕಿಯಲ್ಲಿ 2023ರ ಫೆಬ್ರುವರಿ 6ರಂದು 7.8, ಸುಮಾರು ಒಂಬತ್ತು ಗಂಟೆ ಬಿಟ್ಟು 7.5. ಎರಡನೆಯದನ್ನು ಬಾಲ ಎನ್ನಲು ಮನಸ್ಸು ಬಾರದೆ ಜೋಡಿ ಭೂಕಂಪ ಎಂದೇ ಬರೆಯುತ್ತಾರೆ. ನೇಪಾಳದ 2015ರ ಏಪ್ರಿಲ್ 25ರ ಗೋರ್ಖಾ ಭೂಕಂಪಕ್ಕೆ ಮೇ 12ರಂದು ಬಂದದ್ದು ಪಶ್ಚಾತ್ ಕಂಪನವೇ. ಅದು 7.3ರದ್ದು, ಮತ್ತೆ ಜನ ಸತ್ತರು. ಹಾಗಾಗಿ ದೋಲಖಾ ಭೂಕಂಪ ಎಂಬ ಸ್ವಂತ ಹೆಸರು ಪಡೆಯಿತು.

ಪಶ್ಚಾತ್ ಕಂಪನಗಳಿಗೆ ಒಂದು ಲಯವಿದೆ. 1891ರ ಜಪಾನಿನ ನೋಬಿ ಭೂಕಂಪದ ನಂತರದ ಕಂಪನಗಳನ್ನು ಎಣಿಸಿ ಫುಸಾಕಿಚಿ ಓಮೊರಿ 1894ರಲ್ಲಿ ಹೇಳಿದ ಸೂತ್ರ ಇವತ್ತಿಗೂ ನಡೆಯುತ್ತದೆ. ಮೊದಲ ದಿನ 100 ಬಂದಿದ್ದರೆ ಎರಡನೆಯ ದಿನ ಸುಮಾರು 50, ಹತ್ತನೆಯ ದಿನ ಸುಮಾರು 10. ಬೇಗ ಇಳಿಯುತ್ತವೆ, ಆದರೆ ಪೂರ್ತಿ ನಿಲ್ಲುವುದಕ್ಕೆ ಬಹಳ ಕಾಲ ಬೇಕು. ಅವುಗಳಲ್ಲಿ ಅತಿ ದೊಡ್ಡದು ಸಾಮಾನ್ಯವಾಗಿ ಮುಖ್ಯ ಕಂಪನಕ್ಕಿಂತ 1.2ರಷ್ಟು ಕಡಿಮೆ. 5ರದ್ದು ಒಂದು ಬಂದರೆ 4ರವು ಸುಮಾರು ಹತ್ತು, 3ರವು ಸುಮಾರು ನೂರು. ಇದು ಸರಾಸರಿ ಮಾತು. ನಾಳೆ ಬೆಳಿಗ್ಗೆ ಬರುತ್ತದೋ ಇಲ್ಲವೋ ಎಂದು ಕೇಳಿದರೆ ಇದರಲ್ಲಿ ಉತ್ತರವಿಲ್ಲ.

ಎಣಿಕೆಯಲ್ಲಿ ಒಂದು ದೊಡ್ಡ ಕಿಂಡಿಯೂ ಇದೆ. ಮುಖ್ಯ ಕಂಪನವಾದ ತಕ್ಷಣ ಯಂತ್ರದ ಗೆರೆ ಒಂದೇ ಸಮನೆ ಕುಣಿಯುತ್ತಿರುತ್ತದೆ. ಆ ಗದ್ದಲದಲ್ಲಿ ಸಣ್ಣವು ಮುಳುಗಿಹೋಗುತ್ತವೆ. ಆಮೇಲೆ ಹೊತ್ತು ತಂದು ಇಡುವ ಯಂತ್ರಗಳು ಸ್ಥಳ ಮುಟ್ಟುವುದಕ್ಕೂ ದಿನಗಳು ಹಿಡಿಯುತ್ತವೆ. ಅಂದರೆ ಕಂಪನ ಅತಿ ಜಾಸ್ತಿ ಇದ್ದ ಹೊತ್ತಿನಲ್ಲೇ ದಾಖಲೆ ಅತಿ ತೆಳು. ಕಿಲ್ಲಾರಿಗೂ ಎನ್‌ಜಿಆರ್‌ಐನವರು, ಜರ್ಮನಿಯ ತಂಡದವರು ಯಂತ್ರ ಇಟ್ಟು ಪಶ್ಚಾತ್ ಕಂಪನಗಳನ್ನು ಹಿಡಿದರು. ಒಳಗೆ ಬಂಡೆ ಯಾವ ಇಳಿಜಾರಿನಲ್ಲಿ ಸೀಳಿತ್ತು ಎಂದು ತಿಳಿಯಲು ಈ ಸಣ್ಣ ಕಂಪನಗಳೇ ನೆರವಾದವು.

ಮರಾಠವಾಡಾದಲ್ಲಿ ಎಲ್ಲಿ ನೆಲ ಅಲುಗಿದರೂ 'ಕಿಲ್ಲಾರಿಯದ್ದೇ ಇನ್ನೂ ಮುಗಿದಿಲ್ಲ' ಎಂಬ ಮಾತು ಬರುತ್ತದೆ. 2024ರ ಮಾರ್ಚ್ 21ರ ಬೆಳಿಗ್ಗೆ ಹಿಂಗೋಲಿಯಲ್ಲಿ 4.5, ಹತ್ತು ಹನ್ನೊಂದು ನಿಮಿಷ ಬಿಟ್ಟು 3.6 ಬಂತು. ಆ 3.6 ಆ 4.5ರ ಪಶ್ಚಾತ್ ಕಂಪನ, ಸರಿ. ಆದರೆ ಹಿಂಗೋಲಿ ಕಿಲ್ಲಾರಿಯಿಂದ ಸುಮಾರು 190 ಕಿ.ಮೀ. ದೂರ. 6.2ರ ಭೂಕಂಪದಲ್ಲಿ ಒಳಗಿನ ಸೀಳು ಹತ್ತು ಹದಿನೈದು ಕಿ.ಮೀ. ಇರಬಹುದು. ಪಶ್ಚಾತ್ ಕಂಪನಗಳು ಆ ಸೀಳಿನ ಆಸುಪಾಸಿನಲ್ಲೇ ಬರುತ್ತವೆ. ಆದ್ದರಿಂದ ಹಿಂಗೋಲಿಯದು ಅದರದ್ದೇ ಬೇರೆ ಲೆಕ್ಕ. ಕಿಲ್ಲಾರಿಯ ಬುಡದಲ್ಲೇ ಬರುವ ಸಣ್ಣ ನಡುಕದ ವಿಷಯ ಅಷ್ಟು ಸುಲಭವಲ್ಲ. ಭೂಮಿಯ ಮೇಲ್ಪದರದ ದೊಡ್ಡ ತುಂಡುಗಳಾದ ಫಲಕಗಳ ಅಂಚಿನಲ್ಲಿ ಪಶ್ಚಾತ್ ಕಂಪನಗಳು ಬೇಗ ತಣ್ಣಗಾಗುತ್ತವೆ, ನಮ್ಮಂಥ ನಡುಭಾಗದಲ್ಲಿ ಬಹಳ ವರ್ಷ ಎಳೆಯಬಹುದು ಎಂದು ಭೂವಿಜ್ಞಾನಿಗಳಾದ ಸೇತ್ ಸ್ಟೈನ್ ಮತ್ತು ಮಿಯಾನ್ ಲಿಯು 2009ರಲ್ಲಿ ವಾದಿಸಿದರು.

ಕೊಯ್ನಾ ಮತ್ತೊಂದು ಬಗೆ. ಅಲ್ಲಿ 1962ರಲ್ಲಿ ಜಲಾಶಯ ತುಂಬತೊಡಗಿದಾಗಿನಿಂದ ನಡುಕ ನಿಂತೇ ಇಲ್ಲ. 5 ದಾಟಿದವೇ 20ಕ್ಕೂ ಹೆಚ್ಚು. ಇವು 1967ರದ್ದರ ಬಾಲವಲ್ಲ, ನೀರಿನ ಏರಿಳಿತ ಕೆದಕಿ ಎಬ್ಬಿಸುವಂಥವು ಎಂಬುದು ಒಪ್ಪಿತ ಅಭಿಪ್ರಾಯ. ಅದಕ್ಕೇ ಕರಾಡದಲ್ಲಿ ಸಂಶೋಧನಾ ಕೇಂದ್ರ ಮಾಡಿ 3 ಕಿ.ಮೀ. ಆಳದ ಕೊಳವೆ ಕೊರೆದಿದ್ದಾರೆ. ಗಡಿಯಾಚೆ ಕರ್ನಾಟಕದ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರ ಅಕ್ಟೋಬರ್‌ನಲ್ಲಿ ದಿನಾ ಸದ್ದು, ನಡುಕ. ಜನ ಊರು ಬಿಟ್ಟು ಹೊರಟರು. ಹೀಗೆ ಎದ್ದು ಕಾಣುವ ಮುಖ್ಯ ಕಂಪನವಿಲ್ಲದೆ ಸಣ್ಣವೇ ಗುಂಪಾಗಿ ಬಂದರೆ ಅದನ್ನು ಕಂಪನಗಳ ಗುಂಪು ಎಂದೇ ದಾಖಲಿಸುತ್ತಾರೆ. ಪಾಲಘರ್ ಕಡೆ 2018ರ ನವೆಂಬರ್‌ನಿಂದ ಆದದ್ದೂ ಇದೇ ಬಗೆ.

ಗಡಿಯಲ್ಲಿರುವ ನಮಗೆ ಇನ್ನೊಂದು ತಲೆಬಿಸಿ ಇದೆ. ದೆಹಲಿಯ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರ ದೇಶದ 150ಕ್ಕೂ ಹೆಚ್ಚು ಯಂತ್ರಗಳಿಂದ ಲೆಕ್ಕ ಹಾಕಿ, 'ಇಂಥ ಪಟ್ಟಣದಿಂದ ಇಷ್ಟು ಕಿ.ಮೀ. ವಾಯವ್ಯಕ್ಕೆ' ಎಂದು ಹೇಳುತ್ತದೆ. ಬೆಂಗಳೂರಿನ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರ ತನ್ನ ಯಂತ್ರಗಳಿಂದ ಗ್ರಾಮ ಪಂಚಾಯಿತಿಯ ಹೆಸರು ಹಿಡಿದು ಹೇಳುತ್ತದೆ. ಎರಡೂ ಬೇರೆ ಬೇರೆ ಊರು, ಬೇರೆ ಬೇರೆ ಪ್ರಮಾಣ ಹೇಳಬಹುದು. ಜತ್ತ, ವಿಜಯಪುರದ ನಡುವೆ ಒಂದು ನಡುಕವಾದರೆ ವಾಟ್ಸ್ಆ್ಯಪ್‌ನಲ್ಲಿ ಅದು ಎರಡು ಭೂಕಂಪ ಆಗಿಬಿಡುತ್ತದೆ. ಊರಿನ ಹೆಸರು ಬಿಟ್ಟು ಸಮಯದ ಸೆಕೆಂಡು ನೋಡಿ. ಸೆಕೆಂಡು ಹತ್ತಿರ ಹತ್ತಿರ ಇದ್ದರೆ ಭೂಕಂಪ ಒಂದೇ. ಅಕ್ಷಾಂಶ ರೇಖಾಂಶವನ್ನು ಮೊಬೈಲ್ ನಕಾಶೆಗೆ ಹಾಕಿದರೆ ಗಡಿಯ ಯಾವ ಕಡೆ ಎಂಬುದೂ ಹೆಚ್ಚುಕಡಿಮೆ ತಿಳಿಯುತ್ತದೆ.

ಮೊದಲ ಅಂಕಿ ಕೊನೆಯದಲ್ಲ ಎನ್ನುವುದೂ ನೆನಪಿರಲಿ. ಮೊದಲು ಕಂಪ್ಯೂಟರ್ ತಾನಾಗಿ ಲೆಕ್ಕ ಹಾಕುತ್ತದೆ, ಆಮೇಲೆ ಮನುಷ್ಯರು ನೋಡಿ ತಿದ್ದುತ್ತಾರೆ. ಇಂಗ್ಲೆಂಡಿನ ಅಂತರರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರ ಎಲ್ಲ ದೇಶಗಳ ದಾಖಲೆ ತರಿಸಿ, ಕೂಡಿಸಿ, ಪರಿಶೀಲಿಸಿದ ಪಟ್ಟಿ ಹೊರಡಿಸುವ ಹೊತ್ತಿಗೆ ಸುಮಾರು ಎರಡು ವರ್ಷ ಕಳೆದಿರುತ್ತದೆ. ಪಟ್ಟಿಯ ಒಂದು ಸಾಲಿಗೆ ಎಷ್ಟು ಬೆಲೆ ಎಂದರೆ, 1993ರಲ್ಲಿ ಲಾತೂರ್ ಕಡೆಯೆಲ್ಲ ಭೂಕಂಪದ ಭಯ ಅತಿ ಕಡಿಮೆ ಇರುವ ಒಂದನೇ ವಲಯದಲ್ಲಿತ್ತು. 2002ರ ಹೊಸ ನಕಾಶೆಯಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಿ, ಆ ಭಾಗವನ್ನು ಮೂರನೇ ವಲಯಕ್ಕೆ ಸೇರಿಸಿದರು. ಅಲ್ಲಿ ಮನೆ ಕಟ್ಟುವ ನಿಯಮವೂ ಬದಲಾಯಿತು.

ಈ ದಾಖಲೆಗೆ ನಾವೂ ಸೇರಿಸಬಹುದು. ದೆಹಲಿಯ ಕೇಂದ್ರದ ಜಾಲತಾಣದಲ್ಲಿ, ಯುಎಸ್‌ಜಿಎಸ್‌ನಲ್ಲಿ ಅನುಭವ ಬರೆಯುವ ಫಾರ್ಮ್ ಇದೆ. ಸುಮ್ನೆ 'ಜೋರಾಗಿ ಆಯ್ತು' ಎಂದರೆ ಅವರಿಗೆ ಉಪಯೋಗವಿಲ್ಲ. ಯಾವ ಊರು, ಗಂಟೆ ಎಷ್ಟು, ಮನೆಯೊಳಗೋ ಹೊರಗೋ, ಎಷ್ಟನೇ ಅಂತಸ್ತು, ಕೂತಿದ್ದಿರೋ ಮಲಗಿದ್ದಿರೋ, ಪಾತ್ರೆ ಬಿದ್ದವೋ ಬರೀ ಸದ್ದು ಮಾಡಿದವೋ, ಗೋಡೆ ಕಲ್ಲು ಮಣ್ಣಿನದೋ ಸಿಮೆಂಟಿನದೋ, ಬಿರುಕು ಹೊಸದೋ ಹಳೆಯದೋ ಎಂದು ಬರೆಯಿರಿ. ಏನೂ ಗೊತ್ತಾಗದಿದ್ದರೆ ಅದನ್ನೂ ಬರೆಯಿರಿ. ನಡುಕ ಗೊತ್ತಾಗದ ಊರುಗಳಿಂದ ಉತ್ತರ ಬಂದರೇನೇ ಹೊರಗಿನ ಉಂಗುರವನ್ನು ಎಲ್ಲಿ ಎಳೆಯಬೇಕು ಎಂದು ಅವರಿಗೆ ತಿಳಿಯುವುದು.